ಭಾವನ ಪಟ್ಟದ ಬೊಂಬೆ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮಕ್ಕನ ಮನೆಯ ಬೇಸ್‌ಮೆಂಟಿನಲ್ಲಿ ಒಂಬತ್ತು ಮೆಟ್ಟಿಲಿನ ಮರದ ಕಪಾಟೊಂದಿದೆ. ನವರಾತ್ರಿಯಲ್ಲಿ ಬೊಂಬೆ ಕೂರಿಸಲೆಂದು ಅಕ್ಕ ಹಟ ಹಿಡಿದು ಮಾಡಿಸಿಕೊಂಡದ್ದು. ಈಗ ಅದರಲ್ಲಿ ಅವಳ ಪಾಲಿಗೆ ಉಳಿದಿರುವುದು ಕೆಳಗಿನ ಮೂರು ಮೆಟ್ಟಿಲು. ಮೇಲಿನ ಆರನ್ನೂ ಭಾವ ಬೆಂಗಳೂರಿನ ಕೆರೆ ನುಂಗುವವರ ಹಾಗೆ ವರ್ಷಕ್ಕಿಷ್ಟು ಒತ್ತುವರಿ ಮಾಡಿಕೊಂಡಿದ್ದಾರೆ. ಕೂತಿರುವುದು ಸಿನಿಮಾ ಡಿಸ್ಕುಗಳ ಡಬ್ಬಗಳು. ಅವರ ಬಾಯಲ್ಲಿ 'ಬಾಕ್ಸ್ ಸೆಟ್'.

ಹೋದ ದಸರೆಗೆ ನಾನು ಅಲ್ಲಿದ್ದೆ. ಅಜ್ಜಿಯ ಕಾಲದ, ಮೂಗು ಸವೆದ ಪಟ್ಟದ ಬೊಂಬೆಗಳು ಏಳನೆಯ ಮೆಟ್ಟಿಲಿನಲ್ಲಿ ಶೆಟ್ಟರ ಅಂಗಡಿಯ ಪಕ್ಕ ಒತ್ತಿಕೊಂಡು ನಿಂತಿದ್ದವು, ರಾಜ್ಯ ಕಳೆದುಕೊಂಡು ನೆಂಟರ ಮನೆ ಸೇರಿದ ಹಾಗೆ. ಅವುಗಳ ಸಿಂಹಾಸನದಲ್ಲಿ ಐದು ಚಿತ್ರಗಳ ಡಬ್ಬವೊಂದು ರಾರಾಜಿಸುತ್ತಿತ್ತು. ಕಪ್ಪು ಚರ್ಮದ ಉಡುಪು ತೊಟ್ಟ ಹೆಣ್ಣುಮಗಳೊಬ್ಬಳು ಮೇಲಿಂದ ಕೆಂಗಣ್ಣಲ್ಲ, ನೀಲಿಗಣ್ಣು ಬಿಡುತ್ತಿದ್ದಳು. ಅರಿಶಿನ ಕುಂಕುಮಕ್ಕೆ ಬಂದಿದ್ದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಇದ್ಯಾವ ಅಮ್ಮನವರು?" ಎಂದು ಕೇಳಿಯೇಬಿಟ್ಟರು. ಅಕ್ಕ, "ಇವರ ಕಡೆಯವರು" ಎಂದಳು.

ಅದು 'ಅಂಡರ್‌ವರ್ಲ್ಡ್' ಸರಣಿ. ಹೆಸರು ಕೇಳಿ ನಾನು ಮಚ್ಚು ಲಾಂಗುಗಳ ಭೂಗತ ಲೋಕ ಅಂದುಕೊಂಡಿದ್ದೆ. ಭಾವ ನನ್ನ ಅಜ್ಞಾನಕ್ಕೆ ಮರುಗಿ ಕೂರಿಸಿಕೊಂಡು ಹೇಳಿದರು: ರಕ್ತ ಹೀರುವ ವ್ಯಾಂಪೈರುಗಳಿಗೂ ತೋಳಗಳಾಗಿ ಬದಲಾಗುವ 'ಲೈಕನ್'ಗಳಿಗೂ ನೂರಾರು ವರ್ಷಗಳ ಯುದ್ಧ; ನಾಯಕಿ ಸೆಲೀನ್ ವ್ಯಾಂಪೈರುಗಳ ಕಡೆಯ ಬೇಟೆಗಾತಿ; ಪಾತ್ರಧಾರಿ ಕೇಟ್ ಬೆಕಿನ್ಸೇಲ್; ಮೊದಲೆರಡು ಚಿತ್ರಗಳ ನಿರ್ದೇಶಕ ಲೆನ್ ವೈಸ್‌ಮನ್; 2003ರ ಮೊದಲ ಚಿತ್ರ ತೆಗೆದದ್ದು ಹಂಗೆರಿಯ ಬುಡಾಪೆಸ್ಟ್‌ನಲ್ಲಿ. ಊರು ಯಾವುದಾದರೇನು, ಮಳೆ ಮಾತ್ರ ಆಗುಂಬೆಯದು, ನಿಲ್ಲುವುದೇ ಇಲ್ಲವಂತೆ.

"ಕೊನೆಗೆ ಯಾರು ಗೆಲ್ತಾರೆ ಭಾವ?"

ಭಾವ ಗಂಟಲು ಸರಿಮಾಡಿಕೊಂಡರು. "ಅದೇನೋ... ಇನ್ನೂ ಡಬ್ಬ ಒಡೆದಿಲ್ಲ ಕಣಯ್ಯಾ."

ಇಂಥವರು ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ. ಕೊಂಡು ಹತ್ತು ವರ್ಷವಾದರೂ ಟಿವಿ ರಿಮೋಟಿನ ಪ್ಲಾಸ್ಟಿಕ್ ಚೀಲ ಬಿಚ್ಚದವರು; ಕಾರಿನ ಸೀಟಿನ ಹೊದಿಕೆ ತೆಗೆದರೆ ಕಾರೇ ಸವೆದೀತೆಂದು ಬೇಸಿಗೆಯಲ್ಲಿ ಅದರ ಮೇಲೇ ಬೆವರುತ್ತ ಕೂರುವವರು; 'ಸಮಗ್ರ ಸಂಪುಟ' ಎಂಬ ಎರಡು ಪದ ಕಂಡರೆ ಲೇಖಕ ಯಾರೆಂದೂ ನೋಡದೆ ಮುಂಗಡ ಕಟ್ಟುವವರು. ನಮ್ಮ ತಾತನ ಬೀರುವಿನಲ್ಲಿ ಹಾಳೆ ಅಂಟಿಕೊಂಡೇ ಇದ್ದ ಸಂಪುಟಗಳು ಎಷ್ಟಿದ್ದವು! ವರ್ಷಕ್ಕೊಮ್ಮೆ ಬಿಸಿಲಿಗಿಟ್ಟು ಒಳಗಿಡುವರು, ಹಪ್ಪಳದಂತೆ. ಹಪ್ಪಳವನ್ನಾದರೂ ಎಂದೋ ಒಂದು ದಿನ ಕರಿಯುತ್ತಿದ್ದರು. ಈ ಕುಲದವರಿಗೆ ಬೇಕಾದದ್ದು ಓದಲ್ಲ, ನೋಟವಲ್ಲ. ಪೂರ್ತಿ ಇದೆ ಎಂಬ ನೆಮ್ಮದಿ. ನಡುವೆ ಒಂದು ಸಂಪುಟ ಕಾಣೆಯಾದರೆ ಮಗು ಜಾತ್ರೆಯಲ್ಲಿ ಕಳೆದುಹೋದಷ್ಟು ಗಾಬರಿ.

ಹೀಗಿರುವ ಭಾವನಿಗೆ ಗಂಟುಬಿದ್ದದ್ದು ಇಂಥ ಸರಣಿ. ಅಧಿಕಮಾಸ ಬಂದ ಹಾಗೆ ಮೂರು ವರ್ಷಕ್ಕೊಂದು ಬಂತು: 2003, 2006, 2009. ಮೂರಾಯಿತಲ್ಲ, ಮುಗಿಯಿತೆಂದು ಭಾವ ಮೂರು ಚಿತ್ರಗಳ ಡಬ್ಬ ಕೊಂಡು ನಿಟ್ಟುಸಿರು ಬಿಟ್ಟರು. 2012ರಲ್ಲಿ ನಾಲ್ಕನೆಯದು ಹುಟ್ಟಿತು. ಡಬ್ಬದಲ್ಲಿ ನಾಲ್ಕನೆಯ ಡಿಸ್ಕಿಗೆ ಜಾಗವಿರಲಿಲ್ಲ. ಪಕ್ಕದಲ್ಲಿಟ್ಟರೆ ಎತ್ತರ ಹೊಂದಲಿಲ್ಲ. ನಾಲ್ಕರ ಡಬ್ಬ ಬಂತು, ಕೊಂಡರು. 2016ರ ಕೊನೆಗೆ ಐದನೆಯದು ತಲೆ ಎತ್ತಿತು. "ಇವರು ಸಾಯೋದೇ ಇಲ್ವಾ?" ಎಂದು ಅಕ್ಕ ಕೇಳಿದ್ದಕ್ಕೆ ಭಾವ ಗಂಭೀರವಾಗಿ, "ವ್ಯಾಂಪೈರ್ ಕಣೇ, ಅವರು ಅಮರರು" ಎಂದರಂತೆ. ಡಿವಿಡಿಯಲ್ಲಿದ್ದದ್ದು ಬ್ಲೂರೇ ಆಯಿತು, ಬ್ಲೂರೇ 4ಕೆ ಆಯಿತು. ಹೀಗೆ ಒಬ್ಬಳೇ ಸೆಲೀನ್ ಅವರ ಮನೆಯಲ್ಲಿ ಏಳು ಸಲ ಗೃಹಪ್ರವೇಶ ಮಾಡಿದ್ದಾಳೆ. 4ಕೆ ಡಬ್ಬವೇ ಎರಡಿದೆ. ಒಂದು ನೋಡಲಿಕ್ಕೆ, ಒಂದು ಇಡಲಿಕ್ಕೆ. ನೋಡಲಿಕ್ಕೆ ಇಟ್ಟದ್ದನ್ನೂ ಒಡೆದಿಲ್ಲ.

ಹಳೆಯ ಮೂರರ ಡಿವಿಡಿ ಡಬ್ಬ ಏನಾಯಿತು ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಮದುವೆಗೆ ಉಡುಗೊರೆಯಾಗಿ ಮೈಸೂರಿಗೆ ಬಂತು. ಸತ್ಯನಾರಾಯಣ ಪೂಜೆಯ ಮಾರನೆಯ ದಿನ ಹೊಸ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದೆ. ಪ್ಲೇಯರ್ ಅದನ್ನು ಬಾಯಿಗೆ ತೆಗೆದುಕೊಂಡು, ಸ್ವಲ್ಪ ಮೆಲುಕು ಹಾಕಿ, ಹೊರಕ್ಕೆ ಉಗುಳಿತು. ಆಮೇಲೆ ತಿಳಿದದ್ದು: ಡಿವಿಡಿಯವರು ಭೂಮಂಡಲವನ್ನು ವಲಯಗಳಾಗಿ ಹಂಚಿಕೊಂಡಿದ್ದಾರೆ; ಅಮೆರಿಕ ಒಂದನೆಯದು, ಭಾರತ ಐದನೆಯದು. ಒಂದರ ಡಿಸ್ಕು ಐದರ ಯಂತ್ರದಲ್ಲಿ ಪಂಕ್ತಿಗೆ ಕೂರುವಂತಿಲ್ಲ. ಫೋನ್ ಮಾಡಿ ಹೇಳಿದರೆ ಭಾವ, "ಹೌದಾ! ಡಬ್ಬ ಚೆನ್ನಾಗಿದೆ ತಾನೆ?" ಎಂದರು. ಈಗ ಅವರು ಹೊಗಳುವುದೂ ಅದನ್ನೇ: "4ಕೆ ಡಿಸ್ಕಿಗೆ ವಲಯ ಗಿಲಯ ಇಲ್ಲ ಕಣಯ್ಯಾ. ಮಡಿ ಮೈಲಿಗೆ ಎಲ್ಲಾ ಹೋಯ್ತು. ಎಲ್ಲಿ ಹಾಕಿದ್ರೂ ಓಡುತ್ತೆ." ಅವರ ಮನೆಯಲ್ಲಿ ಮಾತ್ರ ಓಡುವುದಿಲ್ಲ, ಕೂರುತ್ತದೆ.

ಚಿತ್ರ ನೋಡಿಲ್ಲವೆಂದರೆ ಭಾವನಿಗೆ ಕಥೆ ಗೊತ್ತಿಲ್ಲವೆಂದಲ್ಲ. ಡಬ್ಬದ ಬೆನ್ನನ್ನು ಅವರು ವೇದದಂತೆ ಕಂಠಪಾಠ ಮಾಡಿದ್ದಾರೆ. ಮೊದಲ ಚಿತ್ರಕ್ಕೆ ಥಿಯೇಟರಿನಲ್ಲಿ ಬಂದದ್ದಕ್ಕಿಂತ ಸುಮಾರು 12 ನಿಮಿಷ ಉದ್ದದ ಇನ್ನೊಂದು ರೂಪವಿದೆಯೆಂದೂ, 2009ರ ಮೂರನೆಯ ಚಿತ್ರ ನಿಜಕ್ಕೂ ಎಲ್ಲಕ್ಕಿಂತ ಹಿಂದಿನ ಕಥೆಯೆಂದೂ ಗೊತ್ತು. ಹಾಗಾಗಿ ಯಾವುದನ್ನು ಮೊದಲು ನೋಡಬೇಕೆಂಬ ಜಿಜ್ಞಾಸೆ. ಬಿಡುಗಡೆಯ ಕ್ರಮವೋ, ಕಥೆಯ ಕ್ರಮವೋ? ಶೃಂಗೇರಿಯವರ ಪಂಚಾಂಗವೋ ಒಂಟಿಕೊಪ್ಪಲಿನದೋ ಎಂದು ನಮ್ಮ ಮನೆಗಳಲ್ಲಿ ನಡೆಯುವ ವಾದದಷ್ಟೇ ಗಹನ. ವಾದ ತೀರ್ಮಾನವಾಗುವವರೆಗೆ ಡಬ್ಬ ಒಡೆಯುವ ಪ್ರಶ್ನೆಯೇ ಇಲ್ಲ.

ಅವರಿಗೆ ಅತಿ ಇಷ್ಟವಾದ ವಿವರ ಗುಂಡಿನದು. ಲೈಕನ್ನುಗಳು ಅತಿನೇರಳೆ ಬೆಳಕು ತುಂಬಿದ ಗುಂಡು ಮಾಡುತ್ತವೆ, ಬಿಸಿಲಿಗೆ ಬೆಚ್ಚುವ ವ್ಯಾಂಪೈರ್ ಒಳಗಿನಿಂದಲೇ ಸುಡಲೆಂದು. ಇದಕ್ಕೆ ಪ್ರತಿಯಾಗಿ ವ್ಯಾಂಪೈರುಗಳದ್ದು ಸಿಲ್ವರ್ ನೈಟ್ರೇಟ್ ದ್ರವದ ಗುಂಡು. ಬೆಳ್ಳಿಯ ಗುಂಡಾದರೆ ಕಿತ್ತು ಬಿಸಾಡಬಹುದು, ದ್ರವ ರಕ್ತಕ್ಕೇ ಇಳಿಯುತ್ತದೆ. ಇಲ್ಲಿಗೆ ಬಂದಾಗ ಭಾವನ ಮೈಸೂರು ರಕ್ತ ಕುದಿಯುತ್ತದೆ. "ಸಿಲ್ವರ್ ನೈಟ್ರೇಟ್ ನಮ್ಮೂರಿನ ಸಾಮಾನು ಕಣಯ್ಯಾ! ಮೈಸೂರು ಪೇಂಟ್ಸ್‌ನೋರು 1962ರಿಂದ ವೋಟಿನ ಶಾಯಿ ಮಾಡ್ತಿರೋದು ಅದರಲ್ಲೇ ಅಲ್ವಾ? ನಾಲ್ವಡಿಯವರು 1937ರಲ್ಲೇ ಕಾರ್ಖಾನೆ ಹಾಕ್ಸಿದ್ರು. ಲೈಕನ್ನುಗಳಿಗೆ ಒಂದು ವೋಟರ್ ಐಡಿ ಕೊಟ್ಟು ಸಾಲಲ್ಲಿ ನಿಲ್ಲಿಸಿದ್ರೆ ಸಾಕಿತ್ತು. ಎಡಗೈ ತೋರುಬೆರಳಿಗೆ ಒಂದೊಂದು ಗೆರೆ. ಐದು ಸಿನಿಮಾ ಯಾಕೆ, ಒಂದು ಬೂತಲ್ಲಿ ಮುಗಿದುಹೋಗ್ತಿತ್ತು."

ಅತಿನೇರಳೆ ಎಂದಾಗ ಇನ್ನೊಂದು ನೆನಪಾಗುತ್ತದೆ. ಆ ಕಾಲದ ಎಷ್ಟೋ ಡಬ್ಬಗಳ ಒಳಗೆ ಒಂದು ಚೀಟಿ ಇರುತ್ತಿತ್ತು. ಅದರಲ್ಲಿನ ಸಂಕೇತವನ್ನು ಇಂಟರ್ನೆಟ್ಟಿನಲ್ಲಿ ನಮೂದಿಸಿದರೆ ಚಿತ್ರದ ಡಿಜಿಟಲ್ ಪ್ರತಿಯೂ ನಿಮ್ಮ ಹೆಸರಿಗೆ. ಆ ಭಂಡಾರದ ಹೆಸರು 'ಅಲ್ಟ್ರಾವಯೊಲೆಟ್', ಅತಿನೇರಳೆಯೇ. 2019ರ ಜುಲೈ 31ರಂದು ಅದು ಬಾಗಿಲು ಹಾಕಿತು. ಹೊತ್ತಿಗೆ ಮುಂಚೆ ಚೀಟಿ ಬಳಸಿದವರು ಬೇರೆ ಅಂಗಡಿಗೆ ಪ್ರತಿ ಸಾಗಿಸಿಕೊಂಡರು. ಭಾವ ಏನೂ ಕಳೆದುಕೊಳ್ಳಲಿಲ್ಲ. ಚೀಟಿ ಡಬ್ಬದೊಳಗೆ, ಡಬ್ಬ ಪ್ಲಾಸ್ಟಿಕ್ಕಿನೊಳಗೆ, ಭಾವ ಸೋಫಾದೊಳಗೆ. ವ್ಯಾಂಪೈರುಗಳ ಪೈಕಿ ಮೂವರು ಹಿರಿಯರಿದ್ದಾರಂತೆ. ಒಬ್ಬರು ನೂರು ವರ್ಷ ಆಳುವಾಗ ಉಳಿದಿಬ್ಬರು ಗೋರಿಯಲ್ಲಿ ಮಲಗಿರಬೇಕು. ಭಾವನ ಕಪಾಟಿನಲ್ಲಿ ಆಳುವವರೇ ಇಲ್ಲ, ಎಲ್ಲರೂ ಮಲಗಿದ್ದಾರೆ.

ಅಕ್ಕನ ಜ್ಞಾನ ಬೇರೆ ದಾರಿಯದು. ಅವಳಿಗೆ ಸಂಬಂಧಗಳು ಗೊತ್ತು. "ನೋಡೋ, ಆ ತೋಳದ ನಾಯಕ ಮಾಡಿರೋನು ಮೈಕೆಲ್ ಶೀನ್ ಅಂತ. ಅವನಿಗೂ ಈ ಹುಡುಗಿಗೂ ಒಂದು ಹೆಣ್ಣುಮಗು ಇದೆ. ಆಮೇಲೆ ಅವಳು ಡೈರೆಕ್ಟರನ್ನ ಮದುವೆ ಆದ್ಲು. ಎರಡನೇ ಸಿನಿಮಾದಲ್ಲಿ ಚಿಕ್ಕ ಸೆಲೀನ್ ಆಗಿರೋದು ಅದೇ ಮಗು." ನಾಲ್ಕು ವಾಕ್ಯದಲ್ಲಿ ವಂಶವೃಕ್ಷ. ಭಾವ ಅರ್ಧ ಗಂಟೆ ಬಿಡಿಸಿಟ್ಟ ಯುದ್ಧದ ಕಾರಣವನ್ನೂ (ಲೈಕನ್ನುಗಳು ಹಿಂದೆ ವ್ಯಾಂಪೈರುಗಳ ಆಳುಗಳು, ಒಡೆಯನ ಮಗಳು ಅವರಲ್ಲೊಬ್ಬನನ್ನು ಪ್ರೀತಿಸಿದಳು, ಅಪ್ಪನೇ ಅವಳಿಗೆ ಮರಣದಂಡನೆ ಕೊಟ್ಟ) ಅವಳು ಒಗ್ಗರಣೆ ಹಾಕುತ್ತಲೇ ಮುಗಿಸಿದಳು: "ಹುಡುಗಿ ಮನೆಯವರು ಒಪ್ಪಲಿಲ್ಲ, ಅಷ್ಟೇ ತಾನೆ?" ಐದು ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಒಂದು ರಾತ್ರಿ ಊಟವಾದ ಮೇಲೆ ಭಾವ ಎಲೆ ಅಡಿಕೆ ಹಾಕಿಕೊಂಡು (ಅಲ್ಲಿನ ಭಾರತೀಯ ಅಂಗಡಿಬೀದಿ ಓಕ್ ಟ್ರೀ ರೋಡಿನಲ್ಲಿ ಅದೂ ಸಿಗುತ್ತದೆ) ತಾವಾಗಿಯೇ ಮಾತು ತೆಗೆದರು. ಎಂಬತ್ತರ ದಶಕ. ಅವರ ಮೈಸೂರಿನ ವಠಾರದಲ್ಲಿ ಮನೆಗಿಷ್ಟು ಅಂತ ಚಂದಾ ಎತ್ತಿ, ಶನಿವಾರ ರಾತ್ರಿಗೆ ಟಿವಿ ವಿಸಿಪಿ ಬಾಡಿಗೆಗೆ ತರುತ್ತಿದ್ದರು. ಜೊತೆಗೆ ಮೂರು ಕ್ಯಾಸೆಟ್. ಮೊದಲನೆಯದು ಹಿರಿಯರಿಗಾಗಿ ಭಕ್ತಿಯದು, ಎರಡನೆಯದು ಹೆಂಗಸರಿಗೆ, ಮೂರನೆಯದು ಹುಡುಗರಿಗೆ, ಇಂಗ್ಲಿಷು, ಹೊಡೆದಾಟದ್ದು. ನಡುವೆ ಕರೆಂಟು ಹೋಗುವುದು, ಹೆಡ್ ಕ್ಲೀನ್ ಮಾಡುವುದು ಎಲ್ಲ ಸೇರಿ ಮೂರನೆಯದು ಶುರುವಾಗುವಾಗ ಬೆಳಗಿನ ಜಾವ. ಏಳು ಗಂಟೆಗೆ ಸರಿಯಾಗಿ ಅಂಗಡಿಯ ಹುಡುಗ ಸೈಕಲ್ಲಿನಲ್ಲಿ ಬಂದು ವೈರು ಕೀಳುತ್ತಿದ್ದ. "ಒಂದೇ ಒಂದು ಸಿನಿಮಾದ ಕೊನೆ ನೋಡ್ಲಿಲ್ಲ ಕಣಯ್ಯಾ. ವಿಲನ್ ಕೈಗೆ ಗನ್ ಸಿಗುತ್ತೆ, ಹೀರೋ ಕೆಳಗೆ ಬಿದ್ದಿದಾನೆ... ಆ ಹುಡುಗ ಬಂದ್ಬಿಡೋನು. ನಂಗೆ ಇವತ್ತಿಗೂ ಆ ಹೀರೋಗಳೆಲ್ಲ ಬಿದ್ದಲ್ಲೇ ಬಿದ್ದಿದಾರೆ ಅನ್ಸುತ್ತೆ."

ನಾನು ಆ ಗಳಿಗೆಯನ್ನು ಬಿಡಲಿಲ್ಲ. ಎರಡು ಡಬ್ಬ ಇದೆಯಲ್ಲ, ಒಂದನ್ನು ಒಡೆಯೋಣ ಎಂದೆ. ಭಾವ ಬಹಳ ಹೊತ್ತು ಸುಮ್ಮನಿದ್ದು, "ವಿಜಯದಶಮಿ ದಿನ ನೋಡೋಣ" ಎಂದರು. ಒಳ್ಳೆಯ ದಿನ ಬೇಕಲ್ಲ.

ದಶಮಿಯ ರಾತ್ರಿ ಬೇಸ್‌ಮೆಂಟಿನ ಕಿರುಕಿಟಕಿಗೂ ಪರದೆ ಎಳೆದಾಯಿತು. ಆಯುಧಪೂಜೆಯ ಕುಂಕುಮ ಇನ್ನೂ ಪ್ಲೇಯರಿನ ಹಣೆಯ ಮೇಲಿತ್ತು. ಭಾವ ಕೈ ತೊಳೆದು, ಒರೆಸಿ, ಅಕ್ಕನ ಹಣ್ಣು ಕೊಯ್ಯುವ ಚಾಕು ತಂದರು. ಪ್ಲಾಸ್ಟಿಕ್ಕನ್ನು ಮಧ್ಯೆ ಸೀಳುವುದು ಪಾಮರರ ಕ್ರಮ. ಇವರು ತಳಭಾಗದ ಅಂಟಿನ ಗೆರೆಯನ್ನಷ್ಟೇ ಹಿಡಿದು, ಹಲಸಿನ ತೊಳೆ ಬಿಡಿಸುವಷ್ಟು ನಾಜೂಕಾಗಿ ಬಿಡಿಸಿ, ಡಬ್ಬವನ್ನು ದಿಂಬಿನ ಕವರಿನಿಂದ ಜಾರಿಸಿದಂತೆ ಜಾರಿಸಬೇಕೆಂದಿದ್ದರು. ಮುಕ್ಕಾಲು ದಾರಿಯಲ್ಲಿ ಅದು ಪರ್ರನೆ ಹರಿಯಿತು. ಆ ಸದ್ದಿಗೆ ಭಾವ ಕಣ್ಣು ಮುಚ್ಚಿಕೊಂಡರು. ಯಾರಾದರೂ ಹೋಗಿಬಿಟ್ಟರೇನೋ ಎಂಬಷ್ಟು ಹೊತ್ತು ನಾನೂ ಮಾತಾಡಲಿಲ್ಲ.

ಚಿತ್ರ ಚೆನ್ನಾಗಿದೆ ಸ್ವಾಮಿ, ಸುಳ್ಳೇಕೆ ಹೇಳಲಿ. ಎಲ್ಲ ನೀಲಿ ನೀಲಿ, ಬೆಳದಿಂಗಳಲ್ಲಿ ಶಾಯಿ ಚೆಲ್ಲಿದ ಹಾಗೆ. ಸೆಲೀನ್ ಮಹಡಿಯಿಂದ ಧುಮುಕಿ ಏನೂ ಆಗದವಳಂತೆ ನಡೆದುಹೋಗುವುದನ್ನು ನೋಡಿ ಅಕ್ಕ, "ಮಂಡಿ ನೋವಿಲ್ಲ ಪುಣ್ಯಾತ್ಗಿತ್ತಿಗೆ" ಎಂದು ಹೇಳಿ ಮಲಗಲು ಹೋದಳು. ಬಿಲ್ ನೈ ಎಂಬ ನಟ ದೀರ್ಘ ನಿದ್ದೆಯಿಂದ ಎದ್ದ ಹಿರಿಯ ವ್ಯಾಂಪೈರ್ ಆಗಿ ಎಲ್ಲರನ್ನೂ ಗದರುತ್ತಾನೆ; ಮಧ್ಯಾಹ್ನದ ನಿದ್ದೆ ಕೆಟ್ಟ ನಮ್ಮ ದೊಡ್ಡಪ್ಪನ ಮುಖ ಅದೇ. ಕೊನೆಯ ಕಾಳಗ ಶುರುವಾಯಿತು. ನೆಲಮಾಳಿಗೆಯಲ್ಲಿ ನೀರು, ಮುರಿದ ಗೋಡೆ, ಕತ್ತಿ. ನಾನು ಸೋಫಾದ ತುದಿಗೆ ಬಂದಿದ್ದೆ. "ಭಾವ, ಈಗ ನೋಡಿ!" ಎಂದು ತಿರುಗಿದರೆ ಭಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ನಾನೇ ಬಾಯಿ ತೆಗೆದೆ. "ಭಾವ, ಕೊನೇಲಿ ಏನಾಯ್ತು ಗೊತ್ತಾ? ಆ ಮುದುಕನ್ನ..."

"ಶ್! ಹೇಳ್ಬೇಡ, ಹೇಳ್ಬೇಡ. ಒಂದಿನ ನಿಧಾನವಾಗಿ ಕೂತು ನಾನೇ ನೋಡ್ತೀನಿ" ಎಂದು ಲೋಟ ಹಿಡಿದುಕೊಂಡೇ ಕೆಳಗೆ ಇಳಿದುಹೋದರು.

ಸ್ವಲ್ಪ ಹೊತ್ತಿಗೆ ಅಕ್ಕ ಬೊಂಬೆಗಳನ್ನು ಒಂದೊಂದಾಗಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ಇಡತೊಡಗಿದಳು. ಮೂಗು ಸವೆದ ರಾಜ ರಾಣಿ ಕೊನೆಗೆ ಮಲಗಿದರು. ಆಮೇಲೆ ಹಬ್ಬದ ಉಳಿದ ಪುಳಿಯೋಗರೆಯನ್ನು ಫ್ರಿಜ್ಜಿಗೆ ಇಡಲು ಹೋದವಳು ಅಡುಗೆಮನೆಯ ಡ್ರಾಯರುಗಳನ್ನೆಲ್ಲ ಎಳೆದು ಮುಚ್ಚಿ, ಬೇಸ್‌ಮೆಂಟಿನ ಮೆಟ್ಟಿಲ ಬಳಿ ನಿಂತು ಕೂಗಿದಳು:

"ರೀ, ಪಾತ್ರೆಗೆ ಸುತ್ತೋ ಪ್ಲಾಸ್ಟಿಕ್ ರೋಲ್ ನೀವೇನಾದ್ರೂ ತಗೊಂಡು ಹೋದ್ರಾ?"

ಕೆಳಗಿನಿಂದ ಉತ್ತರ ಬರಲಿಲ್ಲ. ಪ್ಲಾಸ್ಟಿಕ್ ಸುತ್ತುವ ಸರಸರ ಸದ್ದು ಮಾತ್ರ ಬರುತ್ತಿತ್ತು.