ರಟ್ಟು ಕಾಯುವ ರಾಯರು

ರಟ್ಟುರಾಯರ ಮನೆಗೆ ಶನಿವಾರ ಸಂಜೆ ಆಟಕ್ಕೆ ಹೋದವರ ಕೈಗೆ ಮೊದಲು ಬರುವುದು ಟವೆಲ್. ಕಾಫಿ ಆಮೇಲೆ, ಅದೂ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ. ಲೋಟ ಉರುಳಿದರೆ ಕಾಫಿ ಕೆಳಕ್ಕೆ ಹರಿದೀತೇ ಹೊರತು ಮೇಜಿನ ಮೇಲಕ್ಕೆ ಹತ್ತಲಾರದು ಎಂಬುದು ರಾಯರ ಭೌತಶಾಸ್ತ್ರ. ತಿಂಡಿಯಲ್ಲೂ ಮಡಿ-ಮೈಲಿಗೆ ಉಂಟು. ಕಾಂಗ್ರೆಸ್ ಕಡಲೆಬೀಜ, ನಿಪ್ಪಟ್ಟು, ಖಾರ ಮಂಡಕ್ಕಿ ಹೊಸಿಲು ದಾಟುವಂತಿಲ್ಲ. ಚಮಚದಲ್ಲಿ ತಿನ್ನುವುದಾದರೆ ಅವಲಕ್ಕಿಗೆ ವಿನಾಯಿತಿ. ಬೋರ್ಡ್ ಗೇಮಿನ ಹುಚ್ಚು ಹತ್ತಿಸಿಕೊಂಡ ಬೆಂಗಳೂರಿನ ಐಟಿ ಮಂದಿಯಲ್ಲಿ ಇಂಥ ರಾಯರು ಗುಂಪಿಗೊಬ್ಬರಂತೆ ಇದ್ದೇ ಇರುತ್ತಾರೆ.

ಹೊಸ ಆಟ ಕೊಂಡರೆ ಬೇರೆಯವರು ಆಡುತ್ತಾರೆ, ರಾಯರು ಎಣಿಸುತ್ತಾರೆ. ಜರ್ಮನಿಯ ಕ್ಲಾಸ್ ಟಾಯ್ಬರ್ ರೂಪಿಸಿ 1995ರಲ್ಲಿ ಹೊರಬಂದ ‘ಕಟಾನ್’ ಆಟವನ್ನೇ ನೋಡಿ. ಅದರಲ್ಲಿ ಸಂಪನ್ಮೂಲದ ಕಾರ್ಡು 95, ಅಭಿವೃದ್ಧಿಯ ಕಾರ್ಡು 25. ಒಂದೊಂದಕ್ಕೂ 54×80 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಸ್ಲೀವ್ ತೊಡಿಸಬೇಕು. ರಾಯರಿಗೆ ಸಿಕ್ಕಿದ್ದು ನೂರರ ಕಟ್ಟು. 120 ಬೇಕಾದ್ದರಿಂದ ಎರಡು ಕಟ್ಟು ತಂದರು, 80 ಉಳಿಯಿತು. ಉಳಿದದ್ದು ದಂಡವಾಗಬಾರದಲ್ಲ? ಅದೇ ಅಳತೆಯ ಕಾರ್ಡಿರುವ ಇನ್ನೊಂದು ಆಟ ಮನೆಗೆ ಬಂತು. ಕಟಾನಿನ 18 ದುಂಡು ಸಂಖ್ಯೆ ಬಿಲ್ಲೆಗಳು ಮಾತ್ರ ನಾಣ್ಯ ಸಂಗ್ರಹಿಸುವವರು ಬಳಸುವ ಪಾರದರ್ಶಕ ಡಬ್ಬಿಗಳಲ್ಲಿ ಕೂತಿವೆ. ಸ್ಲೀವ್ ತೊಟ್ಟ ಕಾರ್ಡುಗಳು ಊದಿಕೊಂಡು, ಡಬ್ಬಿಗಳೂ ಜಾಗ ತಿಂದು, ಪೆಟ್ಟಿಗೆಯ ಮುಚ್ಚಳ ಈಗ ಎರಡು ಬೆರಳು ಮೇಲೆ ನಿಲ್ಲುತ್ತದೆ. ಆ ಸಂದಿಯಲ್ಲಿ ಧೂಳು ಹೋಗುತ್ತದೆಂದು ಪೆಟ್ಟಿಗೆಗೂ ಒಂದು ಚೀಲ ಹೊಲಿಸಿದ್ದಾಗಿದೆ.

ಹುಚ್ಚು ಎಂದು ನಕ್ಕುಬಿಡುವುದು ಸುಲಭ. ಆದರೆ ರಾಯರ ವಾದದಲ್ಲಿ ಹುರುಳಿದೆ. ಆಟದ ಬಿಲ್ಲೆಯೆಂದರೆ ಬೂದು ರಟ್ಟಿನ ಎರಡೂ ಮಗ್ಗುಲಿಗೆ ಅಚ್ಚಾದ ಕಾಗದ ಅಂಟಿಸಿ, ಒತ್ತಿ ಕತ್ತರಿಸಿದ ತುಂಡು. ಮುಖಕ್ಕೆ, ಬೆನ್ನಿಗೆ ಹೊದಿಕೆಯಿದೆ; ಅಂಚು ಬೆತ್ತಲೆ. ಮಳೆಗಾಲದ ತೇವ ನುಗ್ಗುವುದು ಅಲ್ಲಿಂದಲೇ. ಮೊದಲು ಮೂಲೆ ಮೆತ್ತಗಾಗುತ್ತದೆ, ಆಮೇಲೆ ಪದರ ಬಿಡುತ್ತದೆ. ಎರಡು ಮಗ್ಗುಲು ತೇವವನ್ನು ಒಂದೇ ಸಮ ಹೀರದಿದ್ದರೆ ಹಲಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಸವೆತದಿಂದ ಅಂದ ಕೆಡುವುದಷ್ಟೇ ಆಗಿದ್ದರೆ ರಾಯರೂ ಸಹಿಸಿಕೊಳ್ಳುತ್ತಿದ್ದರೇನೋ. ‘ಕಾರ್ಕಸೋನ್’ನಲ್ಲಿ 72 ಚೌಕಗಳು, ಬೋರಲು ಹಾಕಿ ಒಂದೊಂದೇ ಎತ್ತಬೇಕು. ಒಂದರ ಬೆನ್ನಿನ ಮೇಲೆ ಎಣ್ಣೆಯ ಬೆರಳಚ್ಚು ಬಿತ್ತೆನ್ನಿ, ಅದರ ಹಿಂದೆ ಕೋಟೆಯಿದೆಯೋ ಮಠವಿದೆಯೋ ಎಂದು ಮನೆಯವರಿಗೆಲ್ಲ ಬಾಯಿಪಾಠವಾಗುತ್ತದೆ. ನಿಪ್ಪಟ್ಟಿನ ಮೇಲೆ ರಾಯರಿಗಿರುವ ಸಿಟ್ಟು ನ್ಯಾಯದ ಸಿಟ್ಟು.

ಇವರಿಗಿಂತ ಕಟ್ಟುನಿಟ್ಟಿನವರು ವಾರ್‌ಗೇಮ್ ಆಡುವ ಅಮೆರಿಕದ ಹಿರಿಯರು. ಅರ್ಧ ಇಂಚಿನ ರಟ್ಟಿನ ಪಡೆಗಳನ್ನು ಹಾಳೆಯಿಂದ ಬಿಡಿಸುವಾಗ ಮೂಲೆಗಳಲ್ಲಿ ನಾರು ಉಳಿಯುತ್ತದೆ. ಅದನ್ನು ಹಲವರು ಉಗುರು ಕಟ್ಟರಿನಲ್ಲೋ, ಅದಕ್ಕೆಂದೇ ಮಾಡಿದ ಕತ್ತರಿಯಲ್ಲೋ ದುಂಡಗೆ ಕತ್ತರಿಸುತ್ತಾರೆ. 1979ರ ‘ದಿ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ’ದಲ್ಲಿ 1,500ಕ್ಕೂ ಹೆಚ್ಚು ಬಿಲ್ಲೆಗಳು. ಒಂದಕ್ಕೆ ನಾಲ್ಕು ಮೂಲೆ. ಗುಣಿಸಿ ನೋಡಿದ ರಾಯರ ಕಣ್ಣಲ್ಲಿ ಭಕ್ತಿ ತುಂಬಿತು.

ಮೈಸೂರಿನ ಗಂಜೀಫಾ ಕಂಡಾಗಲೂ ಅಷ್ಟೇ. ದಶಾವತಾರದ ಕಟ್ಟಿನಲ್ಲಿ 120 ಎಲೆ, ಎಲ್ಲವೂ ದುಂಡಗೆ, ಮೇಲೆ ಅರಗಿನ ಲೇಪ. “ಮೂಲೆಯೇ ಇಲ್ಲ ನೋಡಿ, ಇನ್ನು ಮಡಚೋದೆಲ್ಲಿಂದ!” ಎಂದು ಅರ್ಧ ಗಂಟೆ ಹೊಗಳಿದರು. ರಾಜ ಯಾರು, ಮಂತ್ರಿ ಯಾರು ಎಂದು ಕೇಳಲಿಲ್ಲ. ಅವರ ತಾಯಿಗೆ ಇದೆಲ್ಲ ಅರ್ಥವಾಗದು. ಸೀಮೆಸುಣ್ಣದಲ್ಲಿ ಗೆರೆ ಎಳೆದು ಚೌಕಾಬಾರ ಆಡಿದವರು ಅವರು. “ಅಲ್ವೋ, ಕಾಯಿ ಕಳೆದುಹೋದ್ರೆ ಒಡೆದ ಬಳೆ ಚೂರು ಇಡೋದಪ್ಪ. ಅದಕ್ಕೆ ಯಾಕೋ ಡಬ್ಬಿ?”

ಇಷ್ಟೆಲ್ಲ ಮಾಡಿದರೂ ಪೆಟ್ಟು ಬೀಳುತ್ತದೆ. ಆಗ ರಾಯರು ಶಸ್ತ್ರವೈದ್ಯರು. ಬಿಟ್ಟ ಪದರಕ್ಕೆ ಹಲ್ಲುಕಡ್ಡಿಯಲ್ಲಿ ಫೆವಿಕಾಲ್ ಸವರಿ, ಬಟರ್ ಪೇಪರ್ ಸುತ್ತಿ, ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಬೆಳ್ಳಗಾದ ಅಂಚಿಗೆ ಮಾರ್ಕರ್ ಪೆನ್ನಿನ ಕಾಡಿಗೆ. ಸೊಟ್ಟಗಾದ ಹಲಗೆಯ ಮೇಲೆ ಕಿಟ್ಟೆಲ್ ನಿಘಂಟು. 1894ರಲ್ಲಿ ಅಚ್ಚಾದ ಆ ಮಹಾಗ್ರಂಥದ ಮರುಮುದ್ರಣ ಅವರ ಮನೆಯಲ್ಲಿ ತೆರೆದುಕೊಂಡದ್ದನ್ನು ಕಂಡವರಿಲ್ಲ, ಆದರೆ ಕೆಲಸವಿಲ್ಲದೆ ಬಿದ್ದಿದ್ದನ್ನೂ ಕಂಡವರಿಲ್ಲ.

ನಿಜವಾದ ಗಂಡಾಂತರ ಬಂದದ್ದು ‘ಪ್ಯಾಂಡೆಮಿಕ್ ಲೆಗಸಿ’ಯಿಂದ. ರಾಬ್ ಡಾವಿಯೊ, ಮ್ಯಾಟ್ ಲೀಕಾಕ್ ಸೇರಿ 2015ರಲ್ಲಿ ತಂದ ಈ ಆಟದಲ್ಲಿ ಹಲಗೆಗೆ ಸ್ಟಿಕರ್ ಅಂಟಿಸಬೇಕು, ಪಾತ್ರದ ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆಯಬೇಕು, ಕೆಲವು ಕಾರ್ಡುಗಳನ್ನು ಹರಿದೇ ಹಾಕಬೇಕು. ಹುಟ್ಟುಹಬ್ಬಕ್ಕೆ ಇದನ್ನು ಕೊಟ್ಟ ಗೆಳೆಯರ ಉದ್ದೇಶ ಶುದ್ಧವಾಗಿತ್ತೆಂದು ನಂಬುವುದು ಕಷ್ಟ.

“ಹರೀರಿ ಸಾರ್, ರೂಲ್ ಬುಕ್ಕೇ ಹೇಳ್ತಿದೆ.”

“ಹರಿದ ಹಾಗೇ ಅಂದ್ಕೊಂಡು ಬೇರೆ ಕವರಿನಲ್ಲಿ ಇಟ್ಟರಾಯ್ತಲ್ವಾ?”

ಮತಕ್ಕೆ ಹಾಕಿದಾಗ ರಾಯರು ಒಂಟಿಯಾದರು. ಸ್ಲೀವಿನದೇನೂ ತಪ್ಪಿಲ್ಲವೆಂದು ಮೊದಲು ಅದನ್ನು ಬಿಚ್ಚಿಟ್ಟರು. ಸ್ಟೀಲ್ ಸ್ಕೇಲ್ ತರಿಸಿ, ಒತ್ತಿ ಹಿಡಿದು, ನಟ್ಟನಡುವೆ ಅಡ್ಡಕ್ಕೆ ಹರಿದರು. ಕಾರ್ಡು 63×88 ಮಿ.ಮೀ.; ಪ್ರತಿ ಅರ್ಧವೂ 63×44. ಪುಟ್ಟ ಕಾರ್ಡುಗಳಿಗೆಂದೇ 44×68ರ ಸ್ಲೀವ್ ಬರುತ್ತದೆ, ಅದರ ಒಂದು ಕಟ್ಟು ಹೇಗೂ ಮನೆಯಲ್ಲಿತ್ತು. ಎರಡು ಚೂರೂ ಸಲೀಸಾಗಿ ಒಳಗೆ ಕೂತವು.