ಡೇಟಾ ಬೇಕಿತ್ತಾ ಸಾರ್?

ಡಾಕ್ಟರು ಬರೆದುಕೊಟ್ಟ ಮಾತ್ರೆ ಸರಿಯೋ ಅಲ್ಲವೋ ಅಂತ ನಾವು ಮೆಡಿಕಲ್ ಶಾಪಿನವನನ್ನು ವಿಚಾರಿಸುತ್ತೇವೆ. ಪುರೋಹಿತರು ಮಂತ್ರ ಹಾರಿಸಿದರೆ ಹಿಂದಿನ ಸಾಲಿನಿಂದ ಕೆಮ್ಮುತ್ತೇವೆ. ಆಟೋ ಮೀಟರನ್ನಂತೂ ಹುಟ್ಟಿದಾಗಿನಿಂದ ನಂಬಿದವರಲ್ಲ. ಇಂಥ ಅನುಮಾನದ ಪ್ರಾಣಿಗಳು ಕಂಪ್ಯೂಟರ್ ರಿಪೇರಿ ಹುಡುಗನ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ. ಅವನು ಸ್ಕ್ರೀನ್ ನೋಡಿ ಲೊಚಗುಟ್ಟಿ, "ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು" ಅಂದನೋ, ಮುಗಿಯಿತು. ಸ್ಲೋ ಆಗಿದೆಯೇ? ಫಾರ್ಮ್ಯಾಟ್. ವೈರಸ್ಸೇ? ಫಾರ್ಮ್ಯಾಟ್. ಪ್ರಿಂಟರ್ ಮುನಿಸಿಕೊಂಡಿದೆಯೇ? ಅದಕ್ಕೂ ಫಾರ್ಮ್ಯಾಟೇ.

ಮೈಸೂರಿನಲ್ಲಿರುವ ನಮ್ಮ ಭಾವ ರಿಟೈರ್ಡ್ ಹೈಸ್ಕೂಲು ಕನ್ನಡ ಮೇಷ್ಟ್ರು. ಒಂದು ಅಕ್ಷರ ಅಲ್ಪಪ್ರಾಣವಾದರೂ ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತಿದ್ದವರು. ಅಂಥವರು ಕರೆಂಟು ಹೋಗಿ ಬಂದಮೇಲೆ ಕಂಪ್ಯೂಟರ್ ಏಳಲಿಲ್ಲವೆಂದು ಹುಡುಗನನ್ನು ಕರೆಸಿ, ಅವನು ಸಿಪಿಯುವನ್ನು ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಹೋಗುವುದನ್ನು ಗೇಟಿನ ಬಳಿ ನಿಂತು ನೋಡಿದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅಷ್ಟು ಹೊತ್ತು ನಿಂತಿರಲಿಲ್ಲವೆಂದು ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಸಿಪಿಯು ವಾಪಸ್ ಬಂತು. "ಈಗ ನೋಡಿ ಸಾರ್, ರಾಕೆಟ್ ಥರ ಓಡುತ್ತೆ!" ಓಡದೆ ಏನು? ಹೊತ್ತುಕೊಳ್ಳಲು ಏನೂ ಉಳಿದಿರಲಿಲ್ಲ. ಭಾವನ ಅರ್ಧ ಬರೆದ ಆತ್ಮಕಥೆ, ಮಗಳ ಮದುವೆ ಫೋಟೊ, ಸೈಟಿನ ಪತ್ರಗಳ ಸ್ಕ್ಯಾನು, ಊರೂರು ತಿರುಗಿ ಕಟ್ಟಿದ ವಂಶವೃಕ್ಷ ಎಲ್ಲ ಸ್ವಾಹಾ. ಹುಡುಗ ನಿಜವಾಗಿಯೂ ಕನಿಕರದಿಂದ ಕೇಳಿದ: "ಅಯ್ಯೋ, ಡೇಟಾ ಬೇಕಿತ್ತಾ ಸಾರ್? ಮೊದಲೇ ಹೇಳೋದಲ್ವಾ?"

ಆಮೇಲೆ ಸಮಾಧಾನ: "ಡಿ ಡ್ರೈವ್ ಮುಟ್ಟಿಲ್ಲ ಸಾರ್, ಅಲ್ಲಿರೋದೆಲ್ಲ ಸೇಫ್." ಸೇಫೇ ಆಗಿತ್ತು. ಅಲ್ಲಿ ಇದ್ದದ್ದು ಮೊಮ್ಮಗನ ಕಾರ್ ರೇಸ್ ಆಟ ಒಂದೇ. ಭಾವ ಜೀವಮಾನದ ಸಂಪಾದನೆಯನ್ನೆಲ್ಲ ಡೆಸ್ಕ್‌ಟಾಪಿನ ಮೇಲೆ, ಕಣ್ಣೆದುರಿಗೇ ಇಟ್ಟುಕೊಂಡಿದ್ದರು. ಕಣ್ಣೆದುರಿಗಿದ್ದರೆ ಎಲ್ಲಿಗೆ ಹೋದೀತು ಎಂಬ ಧೈರ್ಯ. ಡೆಸ್ಕ್‌ಟಾಪು ಮತ್ತು ಡಾಕ್ಯುಮೆಂಟ್ಸ್ ಎರಡೂ ಸಾಮಾನ್ಯವಾಗಿ ವಾಸವಾಗಿರುವುದು ಸಿ ಡ್ರೈವಿನಲ್ಲೇ, ಫಾರ್ಮ್ಯಾಟಿನ ಮೊದಲ ಏಟು ಬೀಳುವುದೂ ಅದಕ್ಕೇ ಎಂದು ಯಾವ ಪುಣ್ಯಾತ್ಮನೂ ಅವರಿಗೆ ಹೇಳಿರಲಿಲ್ಲ. ಅಂಗಡಿಯ ರಸೀದಿ ಮಾತ್ರ ಇರುವೆಯಷ್ಟು ಅಕ್ಷರದಲ್ಲಿ ಹೇಳಿತ್ತು: ಡೇಟಾಗೆ ನಾವು ಜವಾಬ್ದಾರರಲ್ಲ. ರಸೀದಿ ಕೊಟ್ಟದ್ದು ಕೆಲಸ ಮುಗಿದ ಮೇಲೆ.

ಫಾರ್ಮ್ಯಾಟ್ ಆದ ತಕ್ಷಣ ಎಲ್ಲವೂ ಅಳಿಸಿಹೋಗಿರಲೇಬೇಕು ಅಂತೇನಿಲ್ಲ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಹಾಗೆ. ಜಮೀನು, ಬೆಳೆ ಅಲ್ಲೇ ಇರುತ್ತದೆ, ಬೇರೆಯವನು ಬಂದು ಮನೆ ಕಟ್ಟುವವರೆಗೆ. ಆಗ ಮೆಷಿನ್ ಆಫ್ ಮಾಡಿ ತಿಳಿದವರ ಕೈಗೆ ಕೊಟ್ಟರೆ ಬಹಳಷ್ಟು ವಾಪಸ್ ಬರುವುದುಂಟು. (ಈಗಿನ ಎಸ್‌ಎಸ್‌ಡಿಗಳಲ್ಲಿ ಆ ಆಸೆಯೂ ಕಡಿಮೆ. ಖಾಲಿಯಾದ ಜಾಗವನ್ನು ಅದು ತಾನಾಗಿಯೇ ಒರೆಸಿ ಇಡುತ್ತದೆ, ಅಷ್ಟು ಮಡಿ.) ನಮ್ಮ ಹುಡುಗ ಮನೆ ಕಟ್ಟಿದ್ದಷ್ಟೇ ಅಲ್ಲ, ಗೃಹಪ್ರವೇಶವನ್ನೂ ಮುಗಿಸಿದ್ದ. ಹೊಸ ವಿಂಡೋಸ್ ಹಾಕಿ, ಮೇಲೆ "ನಿಮಗೋಸ್ಕರ ಫ್ರೀ ಸಾರ್" ಅಂತ ಒಂದು ರಾಶಿ ಸಿನಿಮಾ ತುಂಬಿದ್ದ. ಭಾವನ ಬಾಲ್ಯ, ಪ್ರೌಢಶಾಲೆ, ಮೊದಲ ಪೋಸ್ಟಿಂಗು ಎಲ್ಲದರ ಮೇಲೆ ಈಗ ತೆಲುಗು ಫೈಟ್ ಸೀನು ನಡೆಯುತ್ತಿತ್ತು.

ರಿಕವರಿಯವರ ಕೈಗೂ ಕೊಟ್ಟದ್ದಾಯಿತು. ಬಂದ ಫೈಲುಗಳಿಗೆ ಹೆಸರೇ ಇಲ್ಲ, ಬರೀ ನಂಬರು. ಫೋಟೊಗಳಲ್ಲಿ ಮುಕ್ಕಾಲು ಪಾಲು ಇಂಟರ್ನೆಟ್ಟಿನಲ್ಲಿ ಎಂದೋ ಕಣ್ಣಿಗೆ ಬಿದ್ದ ಜಾಹೀರಾತಿನ ಮಿಕ್ಸಿ, ಮಂಡಿನೋವಿನ ಎಣ್ಣೆ. ಮದುವೆ ಫೋಟೊ ಒಂದಷ್ಟು ಸಿಕ್ಕವು. ಒಂದರಲ್ಲಿ ಮದುಮಗಳು ಸೊಂಟದಿಂದ ಕೆಳಗೆ ಬೂದು ಬಣ್ಣ, ಇನ್ನೊಂದರಲ್ಲಿ ಬೀಗರು ಪೂರ್ತಿ ಬೂದು. ಎರಡನೆಯದು ಚೆನ್ನಾಗಿದೆ, ಫ್ರೇಮ್ ಹಾಕಿಸಿ ಅಂದಳು ಅಕ್ಕ. ಆತ್ಮಕಥೆಯ ಒಂದೆರಡು ಅಧ್ಯಾಯವೂ ಸಿಕ್ಕವು. ತೆರೆದರೆ ಒಂದಕ್ಷರ ಕನ್ನಡವಿಲ್ಲ; ತಲೆಗೆ ಟೋಪಿ, ಬುಡಕ್ಕೆ ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಹಳೆಯ ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಇಲ್ಲದೆ ಟೈಪ್ ಮಾಡಿದ್ದು. ಫಾಂಟು ಮೊದಲೇ ಹೋಗಿತ್ತಲ್ಲ. ಮೇಷ್ಟ್ರಿಗೆ ತಮ್ಮ ಬರವಣಿಗೆಯೇ ಓದಲು ಬರದ ದಿನವನ್ನು ಅವರ ಹಳೆಯ ವಿದ್ಯಾರ್ಥಿಗಳು ನೋಡಬೇಕಿತ್ತು. ಫಾಂಟು ಹಾಕಿದ ಮೇಲೆ ಕನ್ನಡ ಬಂತು, ಪಾಪ, ಅರ್ಧಕ್ಕೆ.

ನಾನು ಸುಮ್ಮನಿರಲಾರದೆ ಕೆಣಕಿದೆ. "ಭಾವ, ಪೊನ್ನನ ಶಾಂತಿಪುರಾಣ ಹೇಗೆ ಉಳೀತು?" ದುಃಖದಲ್ಲೂ ಮೇಷ್ಟ್ರು ಎದ್ದು ಕೂತರು. "ಅತ್ತಿಮಬ್ಬೆ ಸಾವಿರ ಪ್ರತಿ ಬರೆಸಿ ಹಂಚಿದಳು ಕಣಯ್ಯ, ಹತ್ತನೇ ಶತಮಾನದಲ್ಲಿ." "ಅದೇ ಪೊನ್ನನ ಭುವನೈಕರಾಮಾಭ್ಯುದಯ?" "ಅದು ಸಿಕ್ಕಿಲ್ಲ." "ಯಾಕೆ?" ಭಾವ ಉತ್ತರ ಕೊಡದೆ ಕಾಫಿ ಕೇಳಿದರು. ಕಾಫಿ ತಂದ ಅಕ್ಕನಿಗೆ ಟಾಯ್ ಸ್ಟೋರಿ ಎರಡನೇ ಭಾಗದ ಕಥೆ ಹೇಳಿದೆ. 1998ರಲ್ಲಿ ಪಿಕ್ಸಾರಿನಲ್ಲಿ ಯಾರೋ ಕೊಟ್ಟ ಒಂದು ಕಮಾಂಡಿಗೆ ಸಿನಿಮಾದ ಬಹುಭಾಗ ಅಳಿಸಿಹೋಗಿ, ಬ್ಯಾಕಪ್ಪೂ ಕೈಕೊಟ್ಟಾಗ ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬಾಕೆಯ ಮನೆಯ ಕಂಪ್ಯೂಟರು. ಬಾಣಂತನದ ಕಾಲಕ್ಕೆ ಮನೆಯಿಂದಲೇ ಕೆಲಸ ಮಾಡಲೆಂದು ಆಕೆ ಪ್ರತಿ ಇಟ್ಟುಕೊಂಡಿದ್ದಳು. ಅಕ್ಕ ಏನೂ ಮಾತಾಡದೆ ಒಳಗೆ ಹೋಗಿ, ದುಡ್ಡು ದಂಡ ಅಂತ ಭಾವ ಜಗಳವಾಡಿದ್ದರೂ ಬಿಡದೆ ಹಾಕಿಸಿದ್ದ ಮದುವೆ ಆಲ್ಬಮನ್ನು ಬೀರುವಿನಿಂದ ತಂದು ಟೀಪಾಯಿಯ ಮೇಲೆ ಸದ್ದು ಬರುವ ಹಾಗೆ ಇಟ್ಟಳು.

ಆವತ್ತಿನಿಂದ ಭಾವನಿಗೆ ಬ್ಯಾಕಪ್ಪಿನ ಹುಚ್ಚು. ಹಾರ್ಡ್ ಡಿಸ್ಕುಗಳ ಮೇಲೆ ಹಾರ್ಡ್ ಡಿಸ್ಕು ತಂದು, ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಒಂದೇ ಬೀರುವಿನಲ್ಲಿ ಇಟ್ಟಿದ್ದಾರೆ. ವಂಶವೃಕ್ಷದ ಹೊಸ ಕೊಂಬೆ ದಿನಾ ಫ್ಯಾಮಿಲಿ ಗ್ರೂಪಿಗೆ ಬಂದು ನಮ್ಮೆಲ್ಲರ ಫೋನು ಹ್ಯಾಂಗ್ ಆಗುತ್ತಿದೆ. ಮೊನ್ನೆ ಫೋನಿನಲ್ಲಿ, ಎಲ್ಲ ಡಿಸ್ಕಿಗೂ ಭಯಂಕರ ಪಾಸ್‌ವರ್ಡ್ ಹಾಕಿದ್ದೇನೆ, ಇನ್ನು ಯಾವ ಹುಡುಗನೂ ಮುಟ್ಟಲಾರ ಎಂದರು.

"ಪಾಸ್‌ವರ್ಡ್ ನೆನಪಿರುತ್ತಾ ಭಾವ?"

"ಬರೆದಿಟ್ಟಿದ್ದೀನಯ್ಯ."

"ಎಲ್ಲಿ?"

"ಡೆಸ್ಕ್‌ಟಾಪ್ ಮೇಲೆ."