ರಾವುತಪತನ ಮೀಮಾಂಸೆ

ಕುದುರೆಯ ಬೆನ್ನಮೇಲೆ ಕುಳಿತಿದ್ದ ಮನುಷ್ಯನು ತನ್ನ ಇಚ್ಛೆಗೆ ವಿರುದ್ಧವಾಗಿಯೂ ಕುದುರೆಯ ಇಚ್ಛೆಗೆ ಅನುಗುಣವಾಗಿಯೂ ನೆಲವನ್ನು ಸೇರುವ ಕ್ರಿಯೆಗೆ ರಾವುತಪತನವೆಂದು ಹೆಸರು. ಓಟದಲ್ಲಿ ಹಿಡಿತ ತಪ್ಪಿ ಜಾರುವುದಾಗಲಿ, ಪಟ್ಟಿ ಸಡಿಲಗೊಂಡು ಜೀನಿನ ಸಮೇತ ಹೊಟ್ಟೆಯಡಿಗೆ ತಿರುಗಿಕೊಳ್ಳುವುದಾಗಲಿ ಕುದುರೆಯ ಸಂಕಲ್ಪದಿಂದ ನಡೆಯುವಂಥವಲ್ಲವಾದ್ದರಿಂದ, ಅವು ಎಷ್ಟೇ ನೋವು ಕೊಟ್ಟರೂ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ತಲೆಯನ್ನು ಮುಂಗಾಲುಗಳ ಕಡೆಗೆ ತಗ್ಗಿಸಿ, ಬೆನ್ನನ್ನು ಮೇಲಕ್ಕೆ ಉಬ್ಬಿಸಿ, ಹಿಂಗಾಲುಗಳನ್ನು ಝಾಡಿಸಿ, ತಾನು ಹೊತ್ತಿದ್ದ ಮಹನೀಯರನ್ನು ಕುದುರೆಯು ವಿಸರ್ಜಿಸುವ ಕುಪ್ಪಳಿಕೆಯೊಂದೇ ಇಲ್ಲಿ ವಿಚಾರಾರ್ಹವಾದದ್ದು.

ಪತನದ ಕಾರಣವೇನೆಂಬ ಪ್ರಶ್ನೆಯಲ್ಲಿ ಬಿದ್ದವರೆಲ್ಲರಿಗೂ ಒಮ್ಮತವಿದ್ದು, ಅವರ ಪ್ರಕಾರ ಕಾರಣ ಕುದುರೆಯೇ. ಇದು ಪೂರ್ವಪಕ್ಷ, ಪೂರ್ವಪಕ್ಷವೆಂದರೆ ಆಮೇಲೆ ಖಂಡಿಸುವ ಸಲುವಾಗಿ ಮೊದಲು ಮರ್ಯಾದೆಯಿಂದ ಕೂರಿಸಿ ಮಾತನಾಡಿಸುವ ವಾದ. ಈ ಪಕ್ಷದವರು ಶಾಲಿಹೋತ್ರನ ಹೆಸರಿನಲ್ಲಿ ನಡೆದುಬಂದ ಅಶ್ವಶಾಸ್ತ್ರ ಪರಂಪರೆಯನ್ನು ನೆನೆದು, ಕುದುರೆಯ ಮೈಮೇಲಿನ ಸುಳಿಗಳನ್ನು, ಅಂದರೆ ಕೂದಲು ಒಂದು ಬಿಂದುವಿನ ಸುತ್ತ ತಿರುಗಿ ಬೆಳೆದ ಗುರುತುಗಳನ್ನು, ಹುಡುಕತೊಡಗುತ್ತಾರೆ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನೂ ಸುಳಿ ನೋಡುವುದುಂಟು. ಆದರೆ ಅವನು ದುಡ್ಡು ಕೊಡುವ ಮುಂಚೆ ನೋಡುತ್ತಾನೆ, ರಾವುತನು ಮೈಯ ಧೂಳು ಕೊಡವಿಕೊಂಡ ಮೇಲೆ ನೋಡುತ್ತಾನೆ. ಹೀಗೆ ತಡವಾಗಿ ನೋಡಿದವರಿಗೆ ಅಶುಭವಾದ ಸುಳಿಯೊಂದು ಸಿಕ್ಕೇ ಸಿಗುತ್ತದೆ.

ಸಿದ್ಧಾಂತಪಕ್ಷದಲ್ಲಿ ಕುದುರೆಯೇ ವಾದಿ. ಅದು ಬಾಯಿಂದ ವಾದಿಸುವುದಿಲ್ಲವಾದರೂ ಅದರ ಬೆನ್ನು ಸಾಕಷ್ಟು ಪ್ರಮಾಣಗಳನ್ನು ಒದಗಿಸುತ್ತದೆ. ಜೀನಿನ ಭಾರವು ಬೆನ್ನುಮೂಳೆಯ ಮೇಲೆ ಬೀಳದೆ ಅದರ ಎರಡೂ ಬದಿಯ ಸ್ನಾಯುಗಳ ಮೇಲೆ ಹರಡಬೇಕೆಂಬುದು ನಿಯಮ; ಸವಾರಿಯ ನಂತರ ಜೀನನ್ನು ಇಳಿಸಿದಾಗ, ಬೆವರಿನಿಂದ ಒದ್ದೆಯಾದ ಬೆನ್ನಿನ ನಡುವೆ ಅಂಗೈಯಗಲದ ಜಾಗವೊಂದು ಒಣಗಿಯೇ ಉಳಿದಿದ್ದರೆ ಜೀನು ಅಲ್ಲಿ ಅತಿಯಾಗಿ ಒತ್ತಿರುವ ಸಂಭವವಿದೆ. ಜೀನಿನಡಿಯ ಗಾದಿಗೆ ಸಿಕ್ಕಿಕೊಂಡ ಒಂದೇ ಒಂದು ನೆಗ್ಗಿಲುಮುಳ್ಳು, ಚೂಪಾಗಿ ಬೆಳೆದ ದವಡೆಹಲ್ಲು, ವಾರವಿಡೀ ಲಾಯದಲ್ಲಿ ಕಟ್ಟಿಹಾಕಿ ಹೊಟ್ಟೆತುಂಬ ಹುರುಳಿ ತಿನ್ನಿಸಿದ ಒಡೆಯನ ವಾತ್ಸಲ್ಯ, ಇವೆಲ್ಲವೂ ಇದೇ ಪ್ರಮಾಣವರ್ಗಕ್ಕೆ ಸೇರುತ್ತವೆ. ಇವಕ್ಕೂ ಮೂಲವಾದ ಮತ್ತೊಂದಿದೆ: ಹುಲ್ಲು ಮೇಯುವ ಪ್ರಾಣಿಯ ಬೆನ್ನಿಗೆ ಅನಾದಿಕಾಲದಿಂದ ಹಾರಿ ಕುಳಿತವರು ಅದನ್ನು ತಿನ್ನಲು ಬಂದವರೇ ಆಗಿದ್ದರಿಂದ, ಬೆನ್ನೇರಿದವರನ್ನು ಮೊದಲು ಕೆಡವಿ ಉದ್ದೇಶವನ್ನು ಆಮೇಲೆ ವಿಚಾರಿಸುವುದು ಅದರ ಕುಲಾಚಾರವಾಗಿದೆ.

ಈ ಪಕ್ಷಕ್ಕೆ ಪ್ರಾಚೀನ ನಿದರ್ಶನವೂ ಉಂಟು. ಪ್ಲುಟಾರ್ಕನು ಹೇಳುವಂತೆ, ಮ್ಯಾಸಿಡೋನಿಯದ ದೊರೆ ಫಿಲಿಪ್ಪನ ಮುಂದೆ 13 ಟ್ಯಾಲೆಂಟುಗಳಿಗೆ, ಎಂದರೆ ಬೆಳ್ಳಿಯ ರಾಶಿಗೆ, ಮಾರಾಟಕ್ಕೆ ಬಂದ ಬ್ಯೂಸಿಫಲಸ್ ಎಂಬ ಕುದುರೆಯು ಯಾರನ್ನೂ ಹತ್ತಗೊಡದಿದ್ದಾಗ, ಆಸ್ಥಾನದವರೆಲ್ಲ ಅದು ಕೆಲಸಕ್ಕೆ ಬಾರದ್ದೆಂದು ತೀರ್ಮಾನಿಸಿದರು. ಅದು ತನ್ನ ನೆರಳಿಗೆ ತಾನೇ ಬೆದರುತ್ತಿರುವುದನ್ನು ಕಂಡವನು ಬಾಲಕ ಅಲೆಕ್ಸಾಂಡರ್ ಒಬ್ಬನೇ. ಅವನು ಅದರ ಮುಖವನ್ನು ಸೂರ್ಯನತ್ತ ತಿರುಗಿಸಿ, ನೆರಳನ್ನು ಹಿಂದಕ್ಕೆ ಹಾಕಿ, ಹತ್ತಿ ಹೊರಟನು. ಅದೇ ಕುದುರೆ ಅವನೊಡನೆ ಝೀಲಂ ನದಿಯವರೆಗೂ ಬಂದು ಕ್ರಿ.ಪೂ. 326ರಲ್ಲಿ ಸತ್ತಾಗ ಅದರ ಹೆಸರಿನಲ್ಲಿ ಊರೊಂದು ಹುಟ್ಟಿತು. ಆಸ್ಥಾನದ ಪಂಡಿತರ ಹೆಸರಿನಲ್ಲಿ ಯಾವ ಊರೂ ಇಲ್ಲ.

ಇನ್ನು ಪರಿಹಾರಕಾಂಡ. ಕುದುರೆಯು ಚೆನ್ನಾಗಿ ಕುಪ್ಪಳಿಸಬೇಕಾದರೆ ತಲೆ ತಗ್ಗಿಸಬೇಕಾದ್ದರಿಂದ, ಸವಾರನು ಒಂದು ಬದಿಯ ಲಗಾಮನ್ನು ಎಳೆದು ಅದರ ಕುತ್ತಿಗೆಯನ್ನು ಪಕ್ಕಕ್ಕೆ ಬಾಗಿಸಿದರೆ ಹಿಂಗಾಲುಗಳು ಅಡ್ಡಹೆಜ್ಜೆ ಹಾಕಿ ಒದೆತದ ಬಲವನ್ನು ಕಳೆದುಕೊಳ್ಳುತ್ತವೆ. ಭುಜಗಳನ್ನು ಹಿಂದಕ್ಕೂ ಹಿಮ್ಮಡಿಗಳನ್ನು ಕೆಳಕ್ಕೂ ಇಟ್ಟು ಕುದುರೆಯನ್ನು ಮುಂದಕ್ಕೆ ನಡೆಸುವುದೂ ವಿಹಿತ. ಭಯವು ಕಲಿಸುವುದಾದರೋ ಇದಕ್ಕೆ ತದ್ವಿರುದ್ಧವಾಗಿದ್ದು, ಅದನ್ನು ಪಾಲಿಸಿದ ಸವಾರನು ಮುಂದಕ್ಕೆ ಬಗ್ಗಿ, ಮೊಣಕಾಲುಗಳಿಂದ ಅವಚಿ, ಶಿರಸ್ತ್ರಾಣವನ್ನು ಮನೆಯ ಗೂಟದಲ್ಲಿ ಮರೆತು ಬಂದುದನ್ನು ಗಾಳಿಯಲ್ಲಿ ನೆನೆಯುತ್ತಾನೆ. ಕುದುರೆಯೊಡನೆ ಕೋಪದಿಂದ ವ್ಯವಹರಿಸಲೇಬಾರದೆಂದು ಗ್ರೀಸಿನ ಕ್ಸೆನೋಫನ್ ಕ್ರಿ.ಪೂ. 4ನೆಯ ಶತಮಾನದಲ್ಲಿಯೇ ವಿಧಿಸಿದ್ದಾನೆ. ನೆಲದಲ್ಲಿ ಕುಳಿತವನಿಗೆ ಈ ವಿಧಿಯ ಪಾಲನೆ ಅನಾಯಾಸ, ಏಕೆಂದರೆ ಅಷ್ಟರಲ್ಲಿ ಕುದುರೆಯು ಕೋಪದ ವ್ಯಾಪ್ತಿಯಿಂದ ಬಹುದೂರ ಹೋಗಿರುತ್ತದೆ.

ಪತನವನ್ನೇ ವಿದ್ಯೆಯನ್ನಾಗಿಸಿದವರು ಅಮೆರಿಕದ ರೋಡಿಯೊ ಸವಾರರು. ಕುಪ್ಪಳಿಸುವ ಕುದುರೆಯ ಮೇಲೆ ಒಂದೇ ಕೈಯ ಹಿಡಿತದಲ್ಲಿ 8 ಸೆಕೆಂಡು ಉಳಿದರೆ ಅಲ್ಲಿ ಸವಾರಿ ಸಫಲವಾಗುತ್ತದೆ, ಮತ್ತು 100 ಅಂಕಗಳಲ್ಲಿ ಅರ್ಧ ಕುದುರೆಯ ಕುಪ್ಪಳಿಕೆಗೇ ಮೀಸಲು. ಬೀಳಿಸುವವರ ಪರಿಶ್ರಮಕ್ಕೂ ಅಂಕ ಕೊಡುವ ಈ ಔದಾರ್ಯವು ಇತರ ಪರೀಕ್ಷಾ ಮಂಡಳಿಗಳಲ್ಲಿ ಅಪರೂಪ. ನಮ್ಮಲ್ಲಿ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ನ್ಯಾಯವೇ ಹೆಚ್ಚು ಪ್ರಚಲಿತವಾಗಿದ್ದು, ಅದರ ಪ್ರಕಾರ ಬಿದ್ದವನು ಎದ್ದು ನಿಂತು, ತಾನು ಇಳಿಯಬೇಕೆಂದಿದ್ದುದೇ ಅಲ್ಲಿ ಎಂದು ಸಾಧಿಸತಕ್ಕದ್ದು. ಈ ಸಾಧನೆಗೆ ಒಂದೇ ತೊಡಕು: ಕುದುರೆಯು ಖಾಲಿ ಜೀನಿನೊಡನೆ ಮೊದಲೇ ಲಾಯವನ್ನು ತಲುಪಿರುವುದರಿಂದ, ಲಾಯದ ಆಳು ಊರಿನವರಿಗೆ ಸ್ವತಂತ್ರ ಭಾಷ್ಯವೊಂದನ್ನು ಅಷ್ಟರಲ್ಲಿಯೇ ಹೇಳಿ ಮುಗಿಸಿರುತ್ತಾನೆ.